ಉಪ್ಪನ ಹಿತ್ತಾಳೆ ಹಾರ್ನು

ಹಳೇ ಫಿಯೆಟ್ಟನ್ನು ಮನೆಯಂಗಳದಲ್ಲೇ ಹೊಸತು ಮಾಡಲು ಹೊರಟವನಿಗೆ ತಲೆ ಸರಿ ಇಲ್ಲವೆಂದು ಬಂದ್ಯೋಡಿನ ಪೇಟೆಯೆಲ್ಲ ಮಾತಾಡಿಕೊಂಡಿತು. ತೌಫೀಕ್ ಕೇಳಬೇಕಲ್ಲ! ಶಾರ್ಜಾದ ಗ್ಯಾರೇಜಿನಲ್ಲಿ ಹದಿನೆಂಟು ವರ್ಷ ಯಾರ್ಯಾರದೋ ಕಾರು ರಿಪೇರಿ ಮಾಡಿದವನು ಈ ಸಲದ ಎರಡು ತಿಂಗಳ ರಜೆಯನ್ನು ಉಪ್ಪನ, ಅಂದರೆ ಅಪ್ಪ ಅದ್ರಾಮನ ಟ್ಯಾಕ್ಸಿಗೇ ಮೀಸಲಿಟ್ಟ. ಉಪ್ಪ ತೀರಿಕೊಂಡ ಮೇಲೆ ಒಂಬತ್ತು ವರ್ಷ ಆ ಕಾರು ಶೆಡ್ಡಿನಲ್ಲಿ ಕೋಳಿಗಳ ವಶದಲ್ಲಿತ್ತು.

ತುಕ್ಕು ಉಜ್ಜಿದ, ತಗಡು ಬೆಸೆದ, ಕಪ್ಪು ಬಣ್ಣ ಹೊಡೆದ. "ನನ್ನನ್ನು ಮದುವೆಯಾದಾಗಲೂ ಇಷ್ಟು ಮುತುವರ್ಜಿ ಕಾಣ್ಲಿಲ್ಲ" ಎಂದು ಹೆಂಡತಿ ಫಾಯಿಝಾ ಚುಚ್ಚಿದಳು. ಅವನಿಗಿದ್ದ ಆಸೆ ಒಂದೇ. ಕಣ್ಣು ಮಂಜಾದ ಉಮ್ಮ ಆಯಿಶುಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಕು, ಉಪ್ಪನ ಗಾಡಿ ಹಾಗೇ ಉಂಟು ಎಂದು ಅವಳ ಬಾಯಿಂದ ಕೇಳಬೇಕು.

ಎಲ್ಲ ಮುಗಿದರೂ ಸಿಗದೆ ಉಳಿದದ್ದು ಡ್ರೈವರ್ ಬಾಗಿಲ ಬದಿಯ ಹಿತ್ತಾಳೆ ಹಾರ್ನು, ರಬ್ಬರಿನ ಬುರುಡೆ ಹಿಚುಕಿದರೆ ಪೋಂ ಎನ್ನುವಂಥದ್ದು. ಅದು ಮೀನು ಮಾರುವ ಹೊನ್ನಯ್ಯನ ಎಂ-80 ಬೈಕಿನಲ್ಲಿ ಕಂಡಾಗ ತೌಫೀಕನಿಗೆ ಮೈಯೆಲ್ಲ ಉರಿಯಿತು.

"ಹೊನ್ನಯ್ಯಣ್ಣ, ಇದು ನಮ್ಮದಲ್ವಾ?"

"ನಿಮ್ಮದೇ ಮಾರಾಯ. ನಿನ್ನ ಉಮ್ಮ ಕೊಟ್ಟದ್ದು. ಆದ್ರೆ..."

ಆ 'ಆದ್ರೆ'ಯನ್ನು ಕೇಳುವ ತಾಳ್ಮೆ ಯಾರಿಗಿತ್ತು? ತೌಫೀಕ್ ಆಗಲೇ ಜೇಬಿನಿಂದ ಸ್ಪ್ಯಾನರ್ ತೆಗೆದಿದ್ದ.

ಮರುದಿನ ಉಮ್ಮ ಕಾರಿನಲ್ಲಿ ಕೂತಳು. ಸೀಟು ಸವರಿದಳು, ಬಾಗಿಲ ಹಿಡಿ ತಡವಿ ನಕ್ಕಳು. ತೌಫೀಕ್ ಹಾರ್ನು ಹಿಚುಕಿದ. ಅವಳು ಸರಕ್ಕನೆ ತಲೆಯೆತ್ತಿ ರಸ್ತೆಯ ತಿರುವಿನ ಕಡೆ ಮುಖ ಮಾಡಿದಳು.

"ಇಲ್ಲೇ ಉಂಟಾ ಅದು?" ಎಂದಳು. "ಚಂದ ಆಗಿದೆ ಮಗಾ. ನನ್ನನ್ನು ಇಳಿಸು."

ಮರುದಿನ ಹೊನ್ನಯ್ಯ ಗೇಟಿನಲ್ಲಿ ನಿಂತು ಮೀನು ಬೇಕಾ ಎಂದು ಕೂಗಿದ. ಉಮ್ಮ ಕುರ್ಚಿಯಿಂದ ಏಳಲಿಲ್ಲ. ಮೂರು ದಿನ ಹೀಗೇ. "ಹತ್ತು ಗಂಟೆಯ ಚಾಯವನ್ನೂ ಬೇಡ ಅಂತಾರೆ" ಎಂದಳು ಫಾಯಿಝಾ. ಕೇಳಿದರೆ ಉಮ್ಮ ಏನೂ ಇಲ್ಲ ಎನ್ನುತ್ತಿದ್ದಳು. ಮಗನ ಸಂಭ್ರಮಕ್ಕೆ ಕಲ್ಲು ಹಾಕುವ ಹೆಂಗಸಲ್ಲ ಅವಳು.

ತೌಫೀಕ್ ತಿರುವಿಗೆ ಹೋಗಿ ಹೊನ್ನಯ್ಯನನ್ನು ತಡೆದ. "ಅವತ್ತು ಎಂತದೋ ಹೇಳ್ಲಿಕ್ಕೆ ಹೊರಟಿದ್ರಲ್ಲ?"

"ನನಗೆ ಬೈಕಿನ ಹಾರ್ನ್ ಉಂಟಲ್ಲ ಮಾರಾಯ, ಊರಿಡೀ ಅದನ್ನೇ ಹೊಡೆಯುವುದು. ಹಿತ್ತಾಳೆಯದ್ದು ಈ ತಿರುವಿನಲ್ಲಿ ಮಾತ್ರ, ಎರಡು ಸಲ. ಅದ್ರಾಮಾಕ ಮನೆಗೆ ಬರುವಾಗ ಹಾಗೇ ಹೊಡೀತಿದ್ರು. ಅದು ಕೇಳಿದ್ರೆ ನಿನ್ನ ಉಮ್ಮ ಚಾಯಕ್ಕೆ ನೀರಿಡ್ತಿದ್ರಂತೆ. ಅದ್ರಾಮಾಕ ತೀರಿಕೊಂಡ ಮೇಲೆ ಅವರು ಇದನ್ನು ಕೊಡುವಾಗ ಹೇಳಿದ್ದು ಇಷ್ಟೇ, ಒಂದು ದಿನವೂ ತಪ್ಪಿಸ್ಬೇಡ ಅಂತ. ದೋಣಿ ಕಡಲಿಗಿಳಿಯದ ಮಳೆಗಾಲದಲ್ಲೂ ಖಾಲಿ ಪೆಟ್ಟಿಗೆ ಕಟ್ಟಿಕೊಂಡು ಬಂದು ಹೊಡೆದಿದ್ದೇನೆ."

ತೌಫೀಕನ ಮುಖ ಸಣ್ಣದಾಯಿತು. ಒಂಬತ್ತು ವರ್ಷ! ಪ್ರತಿ ರಜೆಯಲ್ಲೂ ಮಧ್ಯಾಹ್ನದವರೆಗೆ ಮಲಗಿದವನು, ಈ ಸಲ ಗ್ರೈಂಡರಿನ ಕಿರುಚಾಟದಲ್ಲಿ ಮುಳುಗಿದವನು. ಉಪ್ಪನ ಒಂದೊಂದು ಬೋಲ್ಟನ್ನೂ ಹುಡುಕಿದವನಿಗೆ ಉಮ್ಮ ಯಾವುದಕ್ಕೆ ಕಾಯುತ್ತಾಳೆಂದು ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ನಾಳೆಯಿಂದ ನಾನೇ ಕಾರು ಇಲ್ಲಿಗೆ ತಂದು ಹೊಡೀತೇನೆ" ಎಂದ.

"ಎಷ್ಟು ದಿನ? ಬರುವ ವಾರ ನಿನಗೆ ಫ್ಲೈಟಲ್ವಾ?"

ಆ ಸಂಜೆ ತೌಫೀಕ್ ತಾನೇ ಹಾರ್ನು ಕಳಚಿ ಹೊನ್ನಯ್ಯನ ಬೈಕಿಗೆ ಬಿಗಿದ. ಮಿರಮಿರನೆ ಮಿಂಚುವ ಕಪ್ಪು ಬಾಗಿಲ ಬದಿಯಲ್ಲಿ ಬೋಲ್ಟಿನ ಎರಡು ತೂತು ಉಳಿದವು. ಮುಚ್ಚಲು ಮನಸ್ಸಾಗಲಿಲ್ಲ.

ಮರುದಿನ ಹತ್ತು ಗಂಟೆಗೆ ತಿರುವಿನಿಂದ ಕೇಳಿಸಿತು. ಪೋಂ, ಪೋಂ.

ಉಮ್ಮ ತಲೆಯ ಸೆರಗು ಸರಿಮಾಡಿಕೊಂಡು ಎದ್ದಳು. "ಫಾಯಿಝಾ, ಚಾಯಕ್ಕೆ ನೀರಿಡು" ಎಂದು ಕೂಗಿದಳು. ತೌಫೀಕ್ ಕಾರಿನ ಹಿಂದೆ ನಿಂತಿರುವುದು ಹೇಗೋ ಅವಳಿಗೆ ತಿಳಿಯಿತು.

"ತೌಫೀಕನಿಗೂ ಒಂದು ಗ್ಲಾಸು ಹೆಚ್ಚಿಡು. ಅವನೂ ಎಷ್ಟು ದಿನ ಇರ್ತಾನೆ ಇಲ್ಲಿ."