ಎತ್ತಿಕೊಟ್ಟ ಮಾತು

"ತಪ್ಪು ಮಾಡು," ಅಂದಳು ಸು ಲಿಯಾನ್. "ಎರಡು ಕಡೆ ತಡವರಿಸು. ಒಂದು ಸಲ ಕೆಮ್ಮು."

ಗುವಾನ್ ಕೆಮ್ಮಿದ. ಆ ಕೆಮ್ಮೂ ರಂಗಮಂದಿರದ ಕೊನೆಯ ಸಾಲಿಗೆ ಕೇಳಿಸುವ ಹಾಗಿತ್ತು.

ಅಂಗಳದಲ್ಲಿ ಚಳಿಗಾಲದ ಎಲೆಕೋಸು ಜೋಡಿಸುತ್ತಿದ್ದ ಕಾಂಗ್ ದೊಡ್ಡಮ್ಮ ಕಿಟಕಿಯತ್ತ ಕೂಗಿದಳು. "ಗುವಾನ್, ಇವತ್ತು ಯಾವ ನಾಟಕನಪ್ಪಾ? ಟಿಕೆಟ್ಟಿಲ್ದೆ ಕೇಳ್ತಿದೀನಿ!"

"ಹಳೇದೇ ದೊಡ್ಡಮ್ಮ. ಮೂರನೇ ಪ್ರಯೋಗ."

ಅವನ ಹೆಂಡತಿ ಸು ಲಿಯಾನ್ ಎದ್ದು ಕಿಟಕಿ ಮುಚ್ಚಿದಳು.

ಅದು ನಾಟಕವಲ್ಲ, ಅವನ ತಪ್ಪೊಪ್ಪಿಗೆ. ಗುವಾನ್ ಯಿಶೆಂಗ್ ಇಪ್ಪತ್ತು ವರ್ಷ ಪೀಕಿಂಗಿನಲ್ಲಿ ಬಣ್ಣ ಹಚ್ಚಿದವನು, ಹನ್ನೊಂದು ಫ್ರೆಂಚ್ ನಾಟಕಗಳನ್ನು ತನ್ನ ಭಾಷೆಗೆ ತಂದವನು. ಆಮೇಲೆ ನಗರದ ಸಂಸ್ಕೃತಿ ಕಚೇರಿಯಲ್ಲಿ ಉಪನಿರ್ದೇಶಕನಾದ. ವಸಂತದಲ್ಲಿ ಪಕ್ಷವೇ ಎಲ್ಲರೂ ಮನಬಿಚ್ಚಿ ಮಾತಾಡಿ ಅಂದಾಗ ಅವನೂ ಎದ್ದು, ನಮ್ಮ ಕಚೇರಿಯಲ್ಲಿ ನಾಟಕ ಓದದೆಯೇ ಮುದ್ರೆ ಒತ್ತುತ್ತಾರೆ ಅಂದಿದ್ದ. ಅಷ್ಟೇ ಅಂದಿದ್ದು. ಬೇಸಿಗೆಯ ಹೊತ್ತಿಗೆ ಆ ಒಂದು ಮಾತು ಅಪರಾಧವಾಯಿತು, ಅದಕ್ಕೆ ಹನ್ನೊಂದು ನಾಟಕಗಳೂ ಸೇರಿಕೊಂಡವು.

ಮೊದಲ ಸಲ ಅವನು ತಪ್ಪೊಪ್ಪಿಕೊಂಡಾಗ ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಬಿಟ್ಟರು. ವಿಚಾರಣಾ ಸಮಿತಿಯ ಪೆಂಗ್, "ಕಾಮ್ರೇಡ್ ಗುವಾನ್, ಇದು ರಂಗಮಂದಿರ ಅಲ್ಲ," ಅಂದ. ಎರಡನೇ ಸಲ ಕಾಗದ ನೋಡಿ ಓದಿದ. ಸಂಭಾಷಣೆ ಚೆನ್ನಾಗಿದೆ, ಮನಸ್ಸು ಕಾಣುವುದಿಲ್ಲ ಎಂದು ಬರೆದರು. ಮೂರನೆಯದಕ್ಕೆ ಕಾಗದ ಇರಬಾರದು. ಅದೂ ಒಪ್ಪಿಗೆಯಾಗದಿದ್ದರೆ ಉತ್ತರದ ಹೊಲಗಳಿಗೆ ದುಡಿಯಲು ಕಳಿಸುತ್ತಾರೆ. ಅಲ್ಲಿ ನೆಲ ಏಪ್ರಿಲ್‌ವರೆಗೂ ಕಲ್ಲು. ಗುವಾನನಿಗೆ ದಮ್ಮು. ಹೋದ ಚಳಿಗಾಲ, ಒಲೆಯ ಪಕ್ಕದಲ್ಲೇ, ಎರಡು ಸಲ ಅವನ ತುಟಿ ನೀಲಿಯಾಗಿತ್ತು.

"ಹಿಂದೆ ನೀನೇ ಸಮಿತಿಯ ಮೇಜಿನಾಚೆ ಕೂತಿದ್ದೆಯಲ್ಲ," ಅಂದಳು ಅವಳು. "ಯಾರನ್ನ ನಂಬ್ತಿದ್ರಿ?"

"ಮಾತೇ ಬರದವರನ್ನ." ಅವನು ಚಹದ ಲೋಟ ತಿರುಗಿಸಿದ. "ಇನ್ನೂ ಆಳಕ್ಕೆ ಹೋಗಿ ಕಾಮ್ರೇಡ್, ಅಂತ ಹೇಳ್ತಿದ್ದೆ ನಾನು."

"ಹಾಗಾದ್ರೆ ನಿನಗೂ ಮಾತು ಬರದೆ ಇರ್ಲಿ."

"ಸು, ಅದೊಂದೇ ನನಗೆ ಯಾರೂ ಕಲಿಸ್ಲಿಲ್ಲ."

ಐದು ದಿನ ಕಲಿಸಿದಳು. ಇಪ್ಪತ್ತು ವರ್ಷ ಅವಳು ಅವನು ನಟಿಸುತ್ತಿದ್ದ ರಂಗಮಂದಿರದಲ್ಲೇ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮರೆತ ನಟರಿಗೆ ಮಾತು ಎತ್ತಿಕೊಟ್ಟವಳು. ಯಾರು ಎಲ್ಲಿ ಎಡವುತ್ತಾರೆ ಎಂಬುದು ಅವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಈಗ ಎಡವುವ ಜಾಗಗಳನ್ನು ತಾನೇ ಗುರುತು ಹಾಕಿಕೊಟ್ಟಳು. ಅವನು ಅಲ್ಲೆಲ್ಲ ಸುಂದರವಾಗಿ ಎಡವಿದ.

ಗುರುವಾರ ಬೆಳಿಗ್ಗೆ ಸಭೆ. ಅವಳಿಗೆ ಮೂರನೇ ಸಾಲಿನಲ್ಲಿ ಜಾಗ ಸಿಕ್ಕಿತು. ಮೇಜಿನ ಹಿಂದೆ ಪೆಂಗ್ ಮುಚ್ಚಳದ ಲೋಟದಲ್ಲಿ ಚಹ ಹೀರುತ್ತಿದ್ದ.

ಗುವಾನ್ ಶುರುಮಾಡಿದ. ಮೊದಲ ಎಡವು ಬಂತು, ಎರಡನೆಯದು ಬಂತು. ಹಿಂದೆ ಯಾರೋ ಕಿಸಕ್ಕೆಂದರು. "ಅಭಿನಯ ಸುಧಾರಿಸಿದೆ," ಅಂದಿತು ಒಂದು ಗಂಡು ದನಿ. ಆಮೇಲೆ ಅವನು, "ನಾನು ಅನುವಾದ ಮಾಡಿದ ಹನ್ನೊಂದು ನಾಟಕಗಳು" ಎಂಬಲ್ಲಿಗೆ ಬಂದು ನಿಂತ.

ಅಲ್ಲಿ ಗುರುತು ಇರಲಿಲ್ಲ.

ಅವನ ಕೈ ಅಂಗಿಯ ಗುಂಡಿ ಹಿಡಿದುಕೊಂಡಿತು. ಬಾಯಿ ತೆರೆಯಿತು, ಮುಚ್ಚಿತು. ಸಭೆ ನಿಶ್ಶಬ್ದವಾಯಿತು. ಪೆಂಗ್ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದ. ಅವನ ಮುಖ ಮೊದಲ ಸಲ ಮೆತ್ತಗಾಗಿತ್ತು. ಪೆಂಗ್‌ನ ಪಕ್ಕದಲ್ಲಿದ್ದ ಹೆಂಗಸು ಪೆನ್ನು ತೆಗೆದುಕೊಂಡಳು.

ಸು ಲಿಯಾನ್ ಅದೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳಿಗೆ ಕಂಡದ್ದು ರಂಗದ ಮೇಲೆ ಮಾತು ಮರೆತು ನಿಂತ ನಟ.

"ಜನರ ಮನಸ್ಸಿಗೆ ವಿಷ ಹಾಕಿದವು," ಅಂದಳು.

ಪಿಸುಮಾತೇ. ಆದರೆ ರಂಗಕ್ಕೆ ಮುಟ್ಟಬೇಕಾದ ಪಿಸುಮಾತು.

"ಜನರ ಮನಸ್ಸಿಗೆ ವಿಷ ಹಾಕಿದವು!" ಅಂದ ಗುವಾನ್ ತಕ್ಷಣ, ತುಂಬಿದ ಕಂಠದಲ್ಲಿ.

ಮುಂದಿನ ಸಾಲುಗಳು ತಿರುಗಿ ಅವಳನ್ನು ನೋಡಿದವು. ನಗು ಮೂರನೇ ಸಾಲಿನಿಂದ ಹಿಂದಕ್ಕೆ ಹರಡಿತು. ಪೆಂಗ್ ನಗಲಿಲ್ಲ. ಮುಚ್ಚಳ ತೆಗೆದು ಲೋಟದೊಳಗೆ ನೋಡಿದ.

"ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ತಾಲೀಮು ಮಾಡಿದೀರಿ," ಅಂದ. "ಕೂತ್ಕೊಳ್ಳಿ."

"ಇಲ್ಲ ಕಾಮ್ರೇಡ್, ಅದು ತಾಲೀಮಲ್ಲ. ಅವನಿಗೆ ನಿಜವಾಗ್ಲೂ..." ಸು ಲಿಯಾನ್ ಎದ್ದು ನಿಂತಿದ್ದಳು.

"ಈಗ ನಿಮ್ಮ ಮಾತನ್ನ ಯಾರು ಎತ್ತಿಕೊಡ್ತಾರೆ?" ಅಂದ ಪೆಂಗ್. ಮತ್ತೆ ನಗು.

ಪತ್ರ ಶನಿವಾರ ಬಂತು. ರೈಲು ಬುಧವಾರ.

ಸು ಲಿಯಾನ್ ಹಳೆಯ ರಜಾಯಿ ಬಿಚ್ಚಿ, ಅದರ ಹತ್ತಿಯನ್ನು ಅವನ ಕೋಟಿನೊಳಗೆ ತುಂಬುತ್ತಿದ್ದಳು. ಎದೆಯ ಜಾಗದಲ್ಲಿ ಎರಡು ಪದರ ಹಾಕಿದಳು. ಕಾಂಗ್ ದೊಡ್ಡಮ್ಮ ಬಾಗಿಲಲ್ಲಿ ಒಂದು ಎಲೆಕೋಸು ಇಟ್ಟು ಹೋದಳು.

"ಹನ್ನೊಂದು ನಾಟಕ ಅಂದ್ಮೇಲೆ ಯಾಕೆ ನಿಂತೆ?" ಅಂದಳು ಸು ಲಿಯಾನ್, ಸೂಜಿಯಿಂದ ಕಣ್ಣೆತ್ತದೆ.

ಗುವಾನ್ ಬಿಚ್ಚಿದ ರಜಾಯಿಯ ಬಟ್ಟೆ ಮಡಿಸಿದ.

"ಗೊತ್ತಿಲ್ಲ. ಮುಂದಿನ ಮಾತು ಬರ್ಲೇ ಇಲ್ಲ."

ಅವಳು ದಾರ ಕಚ್ಚಿ ಹರಿದಳು.

"ನೀನು ಕೊಟ್ಟಿದ್ದು ಸ್ಪಷ್ಟವಾಗಿ ಕೇಳಿಸ್ತು ಸು," ಅಂದ ಅವನು. ಪ್ರತಿ ನಾಟಕ ಮುಗಿದ ಮೇಲೂ ಬಣ್ಣ ಒರೆಸಿಕೊಳ್ಳುತ್ತ ಅವನು ಅವಳಿಗೆ ಹೇಳುತ್ತಿದ್ದ ಮಾತು ಅದು.

ಅವಳು ಇನ್ನೊಂದು ಹಿಡಿ ಹತ್ತಿ ತೆಗೆದುಕೊಂಡಳು. ಕೋಟು ಇನ್ನು ಹಿಡಿಸುವಂತಿರಲಿಲ್ಲ. ಆದರೂ ತುಂಬಿದಳು.