ನಲವತ್ತು ದಿನದ ಹಾಲು

ಲಾವಣ್ಯಾಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದೆ. ಕೆಳಗಿನಿಂದ "ದೂಧ್!" ಎಂಬ ಕೂಗು ಬಂತು. ಆದರೆ ಒಂದೇ ಸಲ. ಹಾಲು ತರುವ ಸತ್‌ಬೀರ್ ಒಂದು ಸಲ ಕೂಗಿ ಸುಮ್ಮನಾಗುವವನಲ್ಲ. ನಮ್ಮ ಮೆಟ್ಟಿಲಿನ ಎಂಟು ಮನೆಗಳ ಬಾಗಿಲೂ ತೆರೆಯುವವರೆಗೆ ಕೂಗುತ್ತಲೇ ಇರುತ್ತಾನೆ. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಅವನ ಮೋಟಾರ್‌ಸೈಕಲ್ಲಿಗೆ ಅಡ್ಡವಾಗಿ ಬಿಳಿ ಜೀಪೊಂದು ನಿಂತಿತ್ತು.

ಹಾಲಿನ ಪಾತ್ರೆ ಹಿಡಿದು ಇಳಿದೆ. ಲಾವಣ್ಯಾ ಬಿಚ್ಚಿದ ಕೂದಲನ್ನು ಕೈಯಲ್ಲಿ ಹಿಡಿದುಕೊಂಡು, "ಅಮ್ಮಾ, ಮೇರೀ ಚೋಟೀ!" ಎನ್ನುತ್ತ ಹಿಂದೆಯೇ ಬಂದಳು. ಅವಳಿಗೆ ಏಳು ವರ್ಷ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಏನಾದರೂ ಗುಟ್ಟು ಇದ್ದಾಗ ಮಾತ್ರ ಕನ್ನಡ.

ಕೆಳಗೆ ಮಫ್ಲರ್ ಸುತ್ತಿಕೊಂಡ ಬಡಕಲು ಮನುಷ್ಯನೊಬ್ಬ ಸತ್‌ಬೀರನ ಕ್ಯಾನಿನೊಳಗೆ ಅಳತೆಯ ಪಾತ್ರೆ ಇಳಿಸಿ ಹಾಲನ್ನು ಕದಡುತ್ತಿದ್ದ. ಫುಡ್ ಇನ್‌ಸ್ಪೆಕ್ಟರ್ ಎಂದು ಯಾರೋ ಪಿಸುಗುಟ್ಟಿದರು. ಆತ ಹಾಲನ್ನು ಮೂರು ಬಾಟಲಿಗಳಿಗೆ ಸಮನಾಗಿ ಸುರಿದ. ಜೇಬಿನಿಂದ ಸಣ್ಣ ಶೀಷೆ ತೆಗೆದು ಮೂರಕ್ಕೂ ಎಣಿಸಿ ಎಣಿಸಿ ಹನಿ ಹಾಕಿದ. ಬಿರಡೆ ಒತ್ತಿ, ಕುಲುಕಿ, ದಪ್ಪ ಕಾಗದ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತಿದ. ಸತ್‌ಬೀರ್ ಕೈಕಟ್ಟಿ ನೋಡುತ್ತಿದ್ದ. ಹೆದರಿದ್ದಾನೋ ಬೇಸರವಾಗಿದೆಯೋ ಅವನ ಮುಖದಿಂದ ಗೊತ್ತಾಗಲಿಲ್ಲ.

"ಅಮ್ಮಾ, ಉಸ್‌ನೇ ದೂಧ್ ಮೇಂ ಕ್ಯಾ..." ಎಂದು ಲಾವಣ್ಯಾ ನನ್ನ ಶಾಲು ಎಳೆದಳು.

"ಆಮೇಲೆ, ಪುಟ್ಟಿ."

ಇನ್‌ಸ್ಪೆಕ್ಟರ್ ತಲೆ ಎತ್ತಿ, ಸಾಕ್ಷಿಗೆ ಒಬ್ಬರು ಸಹಿ ಹಾಕಬೇಕು ಎಂದ. ಅಷ್ಟು ಹೊತ್ತು ಮುತ್ತಿಕೊಂಡಿದ್ದ ಹೆಂಗಸರಿಗೆಲ್ಲ ಮನೆಗೆಲಸ ನೆನಪಾಯಿತು. ಎದುರು ಮನೆಯ ಭಾಟಿಯಾ ಆಂಟಿ ಆಗಲೇ ಮೂರು ಮೆಟ್ಟಿಲು ಹತ್ತಿದ್ದರು. ಅಲ್ಲಿಂದಲೇ, "ಶಾರದಾ ಹಾಕ್ತಾಳೆ. ಅವಳ ಗಂಡ ನಿಮ್ಮ ಫುಡ್ ಆಫೀಸಿನಲ್ಲೇ ಇರೋದು. ನನ್ನ ಕುಕ್ಕರ್ ಗ್ಯಾಸ್ ಮೇಲಿದೆ, ಭಾಯೀಸಾಬ್," ಎಂದರು.

ಕುಕ್ಕರ್ ಕೂಗಿದ್ದು ನನಗಂತೂ ಕೇಳಲಿಲ್ಲ. ಕಾಗದವನ್ನು ಎರಡು ಸಲ ಓದಿದೆ. ನನ್ನೆದುರಿಗೆ ಹಾಲು ತೆಗೆದರು, ಮೂರು ಪಾಲು ಮಾಡಿದರು, ಮುದ್ರೆ ಹಾಕಿದರು ಎಂದಿತ್ತು. ಎಲ್ಲ ನಿಜವೇ. ಸಹಿ ಹಾಕಿದೆ. ಸಹಿ ಹಾಕುವಾಗ ಸತ್‌ಬೀರನ ಮುಖ ನೋಡಲಿಲ್ಲ. ಲಾವಣ್ಯಾ ಅವತ್ತು ಒಂದು ಜಡೆ, ಒಂದು ಜುಟ್ಟಿನಲ್ಲಿ ಶಾಲೆಗೆ ಹೋದಳು.

ನನ್ನ ಗಂಡ ದತ್ತಾತ್ರೇಯ ಮೊದಲು ಆರೋಗ್ಯ ಸಚಿವಾಲಯದಲ್ಲಿ ಗುಮಾಸ್ತರಾಗಿದ್ದರು. ಇಡೀ ದೇಶದ ಆಹಾರಕ್ಕೆಂದು ಹೊಸ ಪ್ರಾಧಿಕಾರ ಆದಾಗ ಅವರನ್ನು ಅಲ್ಲಿಗೆ ಹಾಕಿದರು. ಅದಿನ್ನೂ ಒಂದು ವರ್ಷವೂ ಆಗಿರಲಿಲ್ಲ. ನಮ್ಮ ಜನಕಪುರಿಯ ಮೆಟ್ಟಿಲಿನವರ ಲೆಕ್ಕದಲ್ಲಿ ಮಾತ್ರ ಅವರು ದಿಲ್ಲಿಯ ಎಲ್ಲ ಅಂಗಡಿಗಳನ್ನೂ ಮುಚ್ಚಿಸಬಲ್ಲ ಅಧಿಕಾರಿ. ಹೋಳಿ ಹಬ್ಬಕ್ಕೆ ಖೋವಾ ಎಲ್ಲಿ ತರಬೇಕೆಂದು ನನ್ನನ್ನು ಕೇಳುತ್ತಾರೆ. ನನಗೇನು ಗೊತ್ತು?

ರಾತ್ರಿ ಊಟಕ್ಕೆ ಬಡಿಸುತ್ತ, "ನಿಮ್ಮ ಆಫೀಸಿನವರು ಬಂದಿದ್ದರು ರೀ," ಎಂದೆ.

"ನಮ್ಮವರಲ್ಲ ಅವರು. ದಿಲ್ಲಿ ಸರ್ಕಾರದವರು."

"ಹಾಗಾದ್ರೆ ನಿಮ್ಮವರು ಏನು ಮಾಡ್ತಾರೆ?"

"ಹಾಲಲ್ಲಿ ಏನೆಷ್ಟು ಇರಬೇಕು, ಏನು ಇರಕೂಡದು ಅನ್ನೋದನ್ನ ನಾವು ಬರೀತೀವಿ. ಎಮ್ಮೆ ಹಾಲಾದ್ರೆ ಜಿಡ್ಡು ಇಷ್ಟು, ಹಸುವಿನದಾದ್ರೆ ಇಷ್ಟು. ಅದು ಹಾಗೇ ಇದೆಯಾ ಅಂತ ಅವರು ನೋಡ್ತಾರೆ. ಈಗ ನಡೀತಿರೋದು ಹಳೇ ಕಾನೂನು. ಹೊಸದನ್ನ ನಾವು ಬರೀತಾ ಇದ್ದೀವಿ."

"ನಾಳೆ ಹಾಲು ತಗೊಳ್ಳಲೋ ಬೇಡವೋ?"

"ವರದಿ ಬರಲಿ."

"ಯಾವಾಗ ಬರುತ್ತೆ?"

"ನಲವತ್ತು ದಿನದೊಳಗೆ."

"ಅಲ್ಲೀವರೆಗೆ?"

ಅವರು ಚಪಾತಿಯ ತುಂಡನ್ನು ಪಲ್ಯದಲ್ಲಿ ಅದ್ದಿ ಹಾಗೆಯೇ ಹಿಡಿದುಕೊಂಡರು. "ಅಲ್ಲೀವರೆಗೆ ಆ ಹಾಲು ಒಳ್ಳೇದು ಅಂತಲೂ ಹೇಳೋ ಹಾಗಿಲ್ಲ, ಕೆಟ್ಟದ್ದು ಅಂತಲೂ ಹೇಳೋ ಹಾಗಿಲ್ಲ."

"ನಾನು ಕಾನೂನು ಕೇಳ್ತಿಲ್ಲ ರೀ. ಮಗು ಲೋಟದ ಮಾತು ಕೇಳ್ತಿದ್ದೀನಿ. ಲ್ಯಾಬಿಗೆ ಒಂದು ಫೋನ್ ಮಾಡಿ ಕೇಳಬಾರದಾ?"

"ಇವತ್ತು ನಾನು ನಮ್ಮ ಹಾಲಿನವನಿಗೋಸ್ಕರ ಫೋನ್ ಮಾಡಿದ್ರೆ, ನಾಳೆ ಇನ್ನೊಬ್ಬ ಅವನ ಹಾಲಿನವನಿಗೋಸ್ಕರ ಮಾಡ್ತಾನೆ. ಹಾಗೆ ಆಗಬಾರದು ಅಂತಲೇ ಬಾಟಲಿ ಮೇಲೆ ಹೆಸರು ಬರಿಯಲ್ಲ, ನಂಬರ್ ಹಾಕ್ತಾರೆ, ಶಾರದಾ."

ಅವರು ಹೇಳಿದ್ದು ಸರಿ. ಸರಿಯಾದ ಮಾತು ಕೇಳಿಯೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಲಾವಣ್ಯಾ ತಟ್ಟೆಯಿಂದ ತಲೆ ಎತ್ತಿ, "ಪಪ್ಪಾ, ಅಂಕಲ್ ನೇ ಬಾಟಲ್ ಮೇಂ ಡ್ರಾಪ್ಸ್ ಡಾಲೇ," ಎಂದಳು.

"ಅದು ಫಾರ್ಮಲಿನ್ ಕಂದಾ. ಟೆಸ್ಟ್ ಮಾಡೋವರೆಗೆ ಹಾಲು ಕೆಡದೇ ಇರಲಿ ಅಂತ."

"ದವಾಯೀ?"

"ಔಷಧಿಯಲ್ಲ, ಕುಡಿಯೋಕಲ್ಲ. ಕುಡಿಯೋ ಹಾಲಿಗೆ ಅದನ್ನ ಹಾಕಿದ್ರೆ ಅಪರಾಧ. ಟೆಸ್ಟಿನ ಹಾಲಿಗೆ ಹಾಕದೇ ಇದ್ರೆ ತಪ್ಪು."

ಲಾವಣ್ಯಾ ನನ್ನ ಕಡೆ ನೋಡಿದಳು. ನಾನು ನೀರು ಬಗ್ಗಿಸಿದೆ.

ಮರುದಿನ ಬೆಳಿಗ್ಗೆ ಪಾತ್ರೆ ತೆಗೆದುಕೊಂಡು ಹೋಗಬಾರದೆಂದೇ ಇದ್ದೆ. ಆದರೆ ಸತ್‌ಬೀರ್ ಕೂಗಿ ಕೂಗಿ ಸಾಕಾದರೂ ಯಾವ ಬಾಗಿಲೂ ತೆರೆಯಲಿಲ್ಲ. ಕಿಟಕಿಯಿಂದ ನೋಡಿದರೆ ಎದುರಿನ ಬಾಲ್ಕನಿಯಲ್ಲಿ ಭಾಟಿಯಾ ಆಂಟಿ ಖಾಲಿ ಪಾತ್ರೆ ಹಿಡಿದು ನಮ್ಮ ಮನೆಯ ಕಡೆಗೇ ನೋಡುತ್ತ ನಿಂತಿದ್ದರು. ಮೇಲಿನ ಮನೆಯವರೂ ಹಾಗೆಯೇ. ಆಗ ಅರ್ಥವಾಯಿತು. ನಾನು ತೆಗೆದುಕೊಂಡರೆ ಅವರೂ ತೆಗೆದುಕೊಳ್ಳುತ್ತಾರೆ. ನಾನು ಬಿಟ್ಟರೆ ಇವತ್ತಿಗೇ ಈ ಬ್ಲಾಕಿನಲ್ಲಿ ಸತ್‌ಬೀರನ ಕೆಲಸ ಮುಗಿಯಿತು. ಆರು ವರ್ಷದಿಂದ ಬರುತ್ತಿದ್ದಾನೆ. ಲಾವಣ್ಯಾ ಮೊದಲು ಕುಡಿದ ಹೊರಗಿನ ಹಾಲು ಅವನದೇ. ಅವನ ಹಾಲು ಚೆನ್ನಾಗಿದ್ದು, ನಲವತ್ತು ದಿನದ ಮೇಲೆ ಹಾಗೆಂದು ಕಾಗದ ಬಂದರೆ, ಆಗ ಯಾರ ಮನೆ ಬಾಗಿಲಿಗೆ ಹೋಗಿ ಕೂಗುತ್ತಾನೆ?

ಇಳಿದು ಹೋದೆ. ಅವನು ಎಂದಿನಂತೆ ಅಳೆದು, ಮೇಲೆ ಒಂದಿಷ್ಟು ಕೊಸರು ಸುರಿದ.

"ಬಹನ್‌ಜೀ, ನಿನ್ನೆ ಸಹಿ ನೀವು ಹಾಕಿದ್ದೇ ಒಳ್ಳೆಯದಾಯ್ತು. ಬೇರೆಯವರು ಖಾಲಿ ಕಾಗದಕ್ಕೂ ಹಾಕಿಬಿಡ್ತಿದ್ದರು. ನೀವು ಓದಿ ಹಾಕಿದಿರಿ."

"ಹಾಲಿಗೆ ಏನೂ ಬೆರೆಸಲ್ಲ ತಾನೆ, ಭಯ್ಯಾ?"

"ನನ್ನ ಮಕ್ಕಳೂ ಇದನ್ನೇ ಕುಡಿಯೋದು," ಎಂದ. ಕಿಕ್ ಹೊಡೆದು ಗಾಡಿ ಶುರು ಮಾಡಿದ. ನಾನು ಕೇಳಿದ್ದು ಅದನ್ನಲ್ಲ ಎಂದು ಮೆಟ್ಟಿಲು ಹತ್ತುವಾಗ ಅನ್ನಿಸಿತು. ಅದೇ ಉತ್ತರ ಇರಬಹುದು ಎಂದೂ ಅನ್ನಿಸಿತು.

ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿದೆ, ಆದರೆ ಅದನ್ನು ಮಗುವಿಗೆ ಕೊಡಲು ಕೈ ಬರಲಿಲ್ಲ. ಚಪ್ಪಲಿ ಮೆಟ್ಟಿ, ಹಿಂದಿನ ಗೇಟಿನಿಂದ ಹಾಲಿನ ಬೂತಿಗೆ ಓಡಿ ಒಂದು ಪ್ಯಾಕೆಟ್ ಹಾಲು ತಂದೆ. ಬಟ್ಟೆ ಚೀಲದಲ್ಲಿಟ್ಟು ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿದ್ದೆ.

ಸತ್‌ಬೀರನ ಹಾಲು ಒಲೆಯ ಪಕ್ಕದಲ್ಲಿ ಕೆನೆ ಕಟ್ಟಿ ಕುಳಿತಿತ್ತು. ಮೊಸರು ಮಾಡೋಣವೆಂದರೆ ಆ ಮೊಸರನ್ನು ತಿನ್ನುವವರು ನಾವೇ. ಗೇಟಿನ ಬಳಿಯ ನಾಯಿ ಕಾಲೂಗೆ ಹಾಕಲು ಬಟ್ಟಲು ತೆಗೆದೆ. ಲಾವಣ್ಯಾ ಅಡ್ಡ ನಿಂತು, "ಕಾಲೂ ಕೋ ಕುಛ್ ಹೋ ಗಯಾ ತೋ?" ಎಂದಳು. ಅದಕ್ಕೇನಾದರೂ ಆದರೆ ಎಂದು ನನಗೂ ಅನ್ನಿಸಿ ಬಟ್ಟಲು ಒಳಗಿಟ್ಟೆ. ಅವಳು ಶಾಲೆಗೆ ಹೋದ ಮೇಲೆ ನಲ್ಲಿ ಜೋರಾಗಿ ಬಿಟ್ಟು ಹಾಲನ್ನು ಸಿಂಕಿಗೆ ಸುರಿದೆ. ನನ್ನ ಅಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ. ಹುಟ್ಟಿದಾಗಿನಿಂದ ಹಾಲು ಚೆಲ್ಲಿದವಳಲ್ಲ ನಾನು.

ಹೀಗೆಯೇ ದಿನಗಳು ಹೋದವು. ಬೆಳಿಗ್ಗೆ ಎಲ್ಲರ ಕಣ್ಣೆದುರು ಸತ್‌ಬೀರನ ಹಾಲು, ಆಮೇಲೆ ಕೊತ್ತಂಬರಿ ಸೊಪ್ಪಿನ ಕೆಳಗೆ ಬೂತಿನ ಹಾಲು. ಮನೆಯಲ್ಲಿ ಎಷ್ಟು ಸೊಪ್ಪು ಸೇರಿತೆಂದರೆ ನಮ್ಮವರು, "ಏನೇ, ದಿನಾ ಚಟ್ನಿ?" ಎಂದರು. ಹೇಳಿದೆ. ಅವರು, "ನೀನು ಮಾಡ್ತಿರೋದು ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ. ಸರಿ ಅನ್ನೋಕೂ ಬರ್ತಿಲ್ಲ," ಎಂದು ಚಟ್ನಿ ಹಾಕಿಸಿಕೊಂಡರು.

ಒಂದು ದಿನ ಲಾವಣ್ಯಾ ಲೋಟದೊಳಗೆ ಇಣುಕಿ, "ಇಸ್‌ಮೇಂ ಮಲಾಯೀ ಕ್ಯೋಂ ನಹೀಂ ಆತೀ?" ಎಂದಳು. ಹಾಲಿನ ಕೆನೆ ಕಂಡರೆ ಮುಖ ಕಿವುಚುವ ಹುಡುಗಿ, ಕೆನೆ ಇಲ್ಲವೆಂದು ಕೇಳುತ್ತಿದ್ದಳು.

"ಸೋಸಿದ್ದೀನಿ," ಎಂದೆ. ಅದು ಅವಳಿಗೆ ನಾನು ಹೇಳಿದ ಮೊದಲ ಸುಳ್ಳೇನಲ್ಲ. ಆದರೆ ಅವಳು ನಂಬದೇ ಹೋದ ಮೊದಲ ಸುಳ್ಳು ಅದು. ಇನ್ನೊಂದು ಬೆಳಿಗ್ಗೆ ನಲ್ಲಿ ಬಿಟ್ಟು ಸುರಿಯುತ್ತಿದ್ದಾಗ ಹಿಂತಿರುಗಿದರೆ, ಬ್ರಷ್ ಬಾಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಸಿಂಕಿನಲ್ಲಿ ಬಿಳಿ ನೀರು ಸುತ್ತಿಕೊಂಡು ಇಳಿಯುತ್ತಿತ್ತು. ಅವಳು ಬ್ರಷ್ ತೆಗೆದು ಬಾಯಿ ತೆರೆದಳು.

"ಆಮೇಲೆ, ಪುಟ್ಟಿ. ಬಸ್ ಬರುತ್ತೆ."

ಅವಳು ಬ್ರಷ್ಷನ್ನು ಮತ್ತೆ ಬಾಯಿಗೆ ಹಾಕಿಕೊಂಡಳು. ಅವತ್ತಿನಿಂದ ಹಾಲಿನ ವಿಷಯ ಎತ್ತಲೇ ಇಲ್ಲ. ಕೊಟ್ಟ ಲೋಟವನ್ನು ಕುಡಿದು, ತಾನೇ ತೊಳೆದು ಬೋರಲು ಹಾಕುತ್ತಿದ್ದಳು. ಹಾಗೆ ಹಾಕೆಂದು ನಾನು ಹೇಳಿರಲಿಲ್ಲ.

ಹದಿನೇಳನೆಯ ದಿನ ಭಾನುವಾರ. ಶಾಲೆ ಇಲ್ಲವೆಂದು ಲಾವಣ್ಯಾ ನನ್ನ ಜೊತೆ ಕೆಳಗೆ ಬಂದಳು. ಭಾಟಿಯಾ ಆಂಟಿ ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ವರ್ಷ ತುಂಬಿದ ಕೂಸು. ಉಣ್ಣೆಯ ಟೋಪಿ ಕಣ್ಣಿನವರೆಗೆ ಇಳಿದಿತ್ತು.

"ನೋಡು ಶಾರದಾ, ಈ ಪುಟ್ಟ ಗುಡಿಯಾಳಿಗೆ ಇವತ್ತಿಂದ ಡಬ್ಬಿ ಹಾಲು ಬಂದ್. ಇನ್ನು ಸತ್‌ಬೀರನದೇ. ನನ್ನ ಮಗಳು ಹೆದರ್ತಾಳೆ. ನಾನಂದೆ, ಅರೇ ಪಾಗಲ್, ಫುಡ್ ಆಫೀಸಿನವರ ಮನೇಲಿ ಮಗು ದಿನಾ ಇದನ್ನೇ ಕುಡೀತಿದೆ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ ನಿನಗೆ!"

ಸತ್‌ಬೀರ್ ನಕ್ಕ. "ಬಹನ್‌ಜೀಯವರಿಂದಲೇ ನನ್ನ ಇಜ್ಜತ್ ಉಳೀತು," ಎನ್ನುತ್ತ ನನ್ನ ಪಾತ್ರೆಗೆ ಹಾಲು ಸುರಿಯತೊಡಗಿದ.

ಬೇಡ ಆಂಟಿ, ಇನ್ನು ಇಪ್ಪತ್ತಮೂರು ದಿನ ತಡೆಯಿರಿ ಎನ್ನಬೇಕು. ಅವನೆದುರಿಗೆ ಹೇಗೆ ಅನ್ನಲಿ? ಅನ್ನದೇ ಹೇಗೆ ಇರಲಿ? ಹೇಳಲು ಬಾಯಿ ತೆರೆದವಳು, "ಚಳಿ ಇದೆ, ಮಗೂನ ಒಳಗೆ ಕರ್ಕೊಂಡು ಹೋಗಿ," ಎಂದೆ.

ಲಾವಣ್ಯಾ ನನ್ನ ಬೆರಳು ಹಿಡಿದು ಮೆಲ್ಲಗೆ ಕನ್ನಡದಲ್ಲಿ ಕೇಳಿದಳು. "ಅಮ್ಮಾ, ನಾವು ಈ ಹಾಲು ಕುಡಿಯಲ್ಲ ಅಲ್ವಾ? ಮತ್ತೆ ಯಾಕೆ ತಗೊಳ್ತೀವಿ?"

ಸತ್‌ಬೀರನ ಕೈ ನಿಂತಿತು. "ಬಿಟಿಯಾ ಏನಂದಳು?" ಎಂದ.

"ಏನಿಲ್ಲ ಭಯ್ಯಾ. ಸ್ಕೂಲಿನ ಮಾತು."

ಲಾವಣ್ಯಾ ನನ್ನ ಬೆರಳು ಬಿಟ್ಟಳು. ನನ್ನ ಮುಖ ನೋಡಿದಳು, ಟೋಪಿಯ ಕೂಸನ್ನು ನೋಡಿದಳು. ಆಮೇಲೆ ತರಗತಿಯಲ್ಲಿ ಎದ್ದು ನಿಂತು ಪಾಠ ಓದುವ ಹಾಗೆ, ಅದೇ ಪ್ರಶ್ನೆಯನ್ನು ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಗಟ್ಟಿಯಾಗಿ ಕೇಳಿದಳು:

"ಮಮ್ಮೀ, ಹಮ್ ತೋ ಯೇ ದೂಧ್ ಪೀತೇ ಹೀ ನಹೀಂ. ಫಿರ್ ಲೇತೇ ಕ್ಯೋಂ ಹೈಂ?"