ಗಿಡ್ಡ ತೋಳಿನ ಅಂಗಿ

ಮೊನ್ನೆ ಮಗಳ ಜೊತೆ ಟಿವಿಯಲ್ಲಿ ಒಂದು ಲವ್ ಕಾಮಿಡಿ ಸಿನಿಮಾ ನೋಡುತ್ತಿದ್ದೆ. ನಾಯಕಿ ಇನ್ನೊಂದು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಮಗಳು ಮುಖ ಸಿಂಡರಿಸಿದಳು.

"ಇಂಥೋಳಿಗೆ ಅಷ್ಟು ಒಳ್ಳೆ ಹುಡುಗ ಯಾಕಮ್ಮ ಸಿಗ್ಬೇಕು?"

"ಸಿಗ್ಲೇಬೇಕು," ಎಂದೆ. ನಾನು ಯಾವತ್ತೂ ನಾಯಕಿಯ ಪಕ್ಷ. ಅವಳು ಎಡವಟ್ಟು ಮಾಡಿದಷ್ಟೂ ನನಗೆ ಹತ್ತಿರವಾಗುತ್ತಾಳೆ. ಇದಕ್ಕೆಲ್ಲ ಕಾರಣ ನನ್ನ ಚಿಕ್ಕಮ್ಮ.

ಅಮ್ಮನ ತಂಗಿ ಅವಳು, ನಮ್ಮ ಮನೆಯಲ್ಲೇ ಇದ್ದಳು. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡಿದ್ದಳು. ನನ್ನ ಬಾಲ್ಯವೆಲ್ಲ ಅವಳ ಮೇಜಿನ ಕೆಳಗೆ, ಬಟ್ಟೆಯ ಚೂರು ಮತ್ತು ಮಿಷನ್ ಎಣ್ಣೆಯ ವಾಸನೆಯ ನಡುವೆ ಕಳೆಯಿತು. ಅಷ್ಟು ಸುಖವಾಗಿ ನಾನು ಆಮೇಲೆ ಎಲ್ಲೂ ಕೂತಿಲ್ಲ. ಚಿಕ್ಕಮ್ಮನಿಗೆ ಎಲ್ಲ ಬರುತ್ತಿತ್ತು, ತಪ್ಪು ಒಪ್ಪಿಕೊಳ್ಳುವುದೊಂದು ಬಿಟ್ಟು. ಹಾಲು ಉಕ್ಕಿದರೆ ಒಲೆಯ ತಪ್ಪು. ಬಸ್ಸು ತಪ್ಪಿದರೆ ಡ್ರೈವರನಿಗೆ ಅವಸರ. ಹೇಳಿ ಹೇಳಿ ಸಾಕಾಗಿ ಅಜ್ಜಿ ಕೈಚೆಲ್ಲಿದ್ದಳು.

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅವಳ ಹತ್ತಿರ ತುಂಬುತೋಳಿನ ಅಂಗಿ ಹೊಲಿಸಿದರು. ತೋಳು ಮಣಿಕಟ್ಟು ಮುಟ್ಟಲೇ ಇಲ್ಲ.

"ನಿಮ್ಮ ಕೈಯೇ ಜಾಸ್ತಿ ಉದ್ದ," ಎಂದಳು ಚಿಕ್ಕಮ್ಮ.

ಮೇಷ್ಟ್ರು ಎರಡೂ ಕೈ ಚಾಚಿ ನೋಡಿಕೊಂಡರು. "ಇರ್ಬಹುದು. ಇಷ್ಟು ದಿನ ಯಾರೂ ಹೇಳಿರ್ಲಿಲ್ಲ."

ಅದನ್ನೇ ತೊಟ್ಟು ಶಾಲೆಗೆ ಬಂದರು. ಬೋರ್ಡಿನ ಮೇಲೆ ಕುದುರೆ ಬರೆಯುವಾಗ ತೋಳು ಮೊಣಕೈಗೆ ಏರುತ್ತಿತ್ತು. ಆದರೂ ಮತ್ತೆ ಬಟ್ಟೆ ತಂದರು, ಮತ್ತೆ ಗಿಡ್ಡವಾಯಿತು. ಬೀದಿಯವರ ಬಟ್ಟೆಯೆಲ್ಲ ಅಚ್ಚುಕಟ್ಟಾಗಿ ಹೊಲಿಯುವವಳಿಗೆ ಅವರ ಅಂಗಿ ಮಾತ್ರ ಕೆಡುತ್ತಿತ್ತು. ಅವರ ಅಳತೆ ತೆಗೆಯುವಾಗ ಅವಳ ಕೈ ನಡುಗುವುದನ್ನು ನಾನು ಮೇಜಿನ ಕೆಳಗಿಂದ ನೋಡುತ್ತಿದ್ದೆ.

ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಹೇಳಲು ಬಂದವರು ಬಾಗಿಲಲ್ಲೇ ನಿಂತರು.

"ನಮ್ಮಮ್ಮನ್ನ ಕರ್ಕೊಂಡು ಬಂದು ನಿಮ್ಮ ಮನೇಲಿ ಕೇಳೋಣ ಅಂತಿದೀನಿ. ಆದ್ರೆ ಒಂದು ಮಾತು. ತೋಳು ಗಿಡ್ಡ ಆಗಿದ್ದು ಯಾರಿಂದ ಅಂತ ಒಂದ್ಸಲ ಹೇಳ್ಬಿಡಿ. ಜೀವನಪೂರ್ತಿ ತಪ್ಪೆಲ್ಲ ನಂದೇ ಅಂದ್ರೆ ನನ್ನ ಕೈಲಿ ಆಗಲ್ಲ."

ಅವರು ನಗುತ್ತಿರಲಿಲ್ಲ. ಚಿಕ್ಕಮ್ಮನ ಮುಖ ಕೆಂಪಾಗಿತ್ತು. ಹೇಳು ಚಿಕ್ಕಮ್ಮ, ಹೇಳಿಬಿಡು ಎಂದು ನಾನು ಮೇಜಿನ ಕೆಳಗೆ ಕಾಯುತ್ತ ಕೂತಿದ್ದೆ.

"ನೀವು ತಂದಿದ್ದು ಕುಗ್ಗೋ ಬಟ್ಟೆ," ಎಂದಳು ಅವಳು.

ಮೇಷ್ಟ್ರು ತಲೆಯಾಡಿಸಿ ಹೊರಟುಹೋದರು. ನನಗೆ ಅವಳನ್ನು ಚಿವುಟಿಬಿಡುವಷ್ಟು ಸಿಟ್ಟು ಬಂತು, ಅಳುವೂ ಬಂತು. ಆಮೇಲೆ ಕೆಲವು ದಿನ ನಮ್ಮ ಮನೆಯಲ್ಲಿ ಮಿಷನ್ನಿನ ಸದ್ದೇ ಇರಲಿಲ್ಲ.

ಅವರು ಊರು ಬಿಡುವ ಬೆಳಿಗ್ಗೆ ಚಿಕ್ಕಮ್ಮ ಕತ್ತರಿ ಕೆಳಗಿಟ್ಟವಳೇ ಓಡಿದಳು. ಕೊರಳಲ್ಲಿ ಟೇಪು ಹಾಗೇ ಇತ್ತು. ನಾನೂ ಬೆನ್ನುಬಿದ್ದೆ. ದಾರಿಯಲ್ಲಿ ಅವಳ ಚಪ್ಪಲಿ ಕಿತ್ತುಹೋಯಿತು. "ದರಿದ್ರ ಚಪ್ಪಲಿ," ಎಂದು ಅದನ್ನು ಅಲ್ಲೇ ಬಿಟ್ಟಳು.

ಮೇಷ್ಟ್ರು ಬಸ್ಸಿನ ಬಾಗಿಲ ಬಳಿ ನಿಂತಿದ್ದರು, ಅದೇ ಮೊದಲನೆಯ ಅಂಗಿ ತೊಟ್ಟು. ಚಿಕ್ಕಮ್ಮ ಅವರ ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಳು. ಬಸ್ಸಿನಲ್ಲಿದ್ದವರೆಲ್ಲ ಬಗ್ಗಿ ನೋಡುತ್ತಿದ್ದರು.

"ನಿಮ್ಮ ಕೈ ಸರಿಯಾಗೇ ಇದೆ," ಎಂದಳು.

ಅವಳಿಂದ ಆದದ್ದು ಅಷ್ಟೇ. ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಮುಂದಿನ ಭಾನುವಾರವೇ ತಾಯಿಯನ್ನು ಕರೆದುಕೊಂಡು ಬಂದು ಕೇಳಿದರು, ನನಗೆ ಚಿಕ್ಕಪ್ಪನಾದರು.

ಈಗ ಚಿಕ್ಕಪ್ಪ ಇಲ್ಲ. ಕಳೆದ ತಿಂಗಳು ನಾನು ನೋಡಲು ಹೋದಾಗ ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಅವರ ಆ ಮೊದಲನೆಯ ಅಂಗಿಯನ್ನೇ ಹಿಡಿದು ಕೂತಿದ್ದಳು. ತೋಳಿನ ಪಟ್ಟಿ ಬಿಚ್ಚಿ, ನಡುವೆ ಅದೇ ಬಣ್ಣದ ತುಂಡು ಸೇರಿಸುತ್ತಿದ್ದಳು.

"ಎಷ್ಟು ಗಿಡ್ಡ ಇದೆ ನೋಡು," ಎಂದಳು ತಲೆ ಎತ್ತದೆ. "ಅಲ್ಲೇ ಮೇಜಿನ ಕೆಳಗೆ ಕೂತಿರ್ತಿದ್ದೆ ನೀನು. ನೀನಾದ್ರೂ ಆಗ್ಲೇ ಹೇಳ್ಬಾರ್ದಿತ್ತೇನೇ?"

ನಾನು ಅವಳ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟೆ.

"ತಪ್ಪು ನಂದೇ ಚಿಕ್ಕಮ್ಮ," ಎಂದೆ.